ತಗ್ಗಿಸಿದ ಬಂಡಿ

ಕನ್ನಡದಲ್ಲಿ ತಗ್ಗುವುದೆಂದರೆ ಒಂದು ಗುಣ. ತಗ್ಗಿ ಬಗ್ಗಿ ನಡೆಯುವವನನ್ನು ಲೋಕವು ವಿನಯವಂತನೆನ್ನುವುದು. ತಲೆಯೆತ್ತಿ ನಡೆಯುವವನ ವಿಷಯದಲ್ಲಿ ಅದಕ್ಕೆ ಯಾವಾಗಲೂ ಸ್ವಲ್ಪ ಸಂಶಯ. ಆದರೆ ತಗ್ಗುವುದೇ ಹೆಮ್ಮೆಯ ಕುರುಹಾಗಿರುವ ಒಂದು ಸಂದರ್ಭವೂ ಲೋಕದಲ್ಲುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಮುಖ್ಯವಾಗಿ ಲಾಸ್ ಏಂಜಲೀಸ್ ನಗರದ ಪೂರ್ವಭಾಗದಲ್ಲಿ ನೆಲೆಸಿರುವ ಮೆಕ್ಸಿಕನ್ ಮೂಲದ ಜನರಲ್ಲಿ, ಹಳೆಯ ಮೋಟಾರು ಬಂಡಿಯೊಂದನ್ನು ನೆಲಕ್ಕೆ ತಾಗುವುದೋ ಎಂಬಷ್ಟು ತಗ್ಗಿಸಿ, ಕನ್ನಡಿಯಂತೆ ಹೊಳೆಯುವ ಬಣ್ಣವನ್ನು ಅದಕ್ಕೆ ಕೊಟ್ಟು, ವಿಟ್ಟಿಯರ್ ಬುಲೆವಾರ್ಡ್ ಮೊದಲಾದ ಹಿರಿಬೀದಿಗಳಲ್ಲಿ ಸಂಜೆಯ ಹೊತ್ತು ಮೆಲ್ಲಮೆಲ್ಲಗೆ ನಡೆಯಿಸುವ ಪದ್ಧತಿಯು ಎರಡನೆಯ ಮಹಾಯುದ್ಧದ ಅನಂತರದ ವರ್ಷಗಳಿಂದ ಬೆಳೆದು ಬಂದಿದೆ. ಅಂಥ ಬಂಡಿಗೂ ಅದನ್ನು ನಡೆಯಿಸುವವನಿಗೂ ಲೋರೈಡರ್ ಎಂಬುದೊಂದೇ ಹೆಸರು. ತಮ್ಮ ಸ್ಪ್ಯಾನಿಷ್ ನುಡಿಯಲ್ಲಿ ಅವರು ಈ ನಡೆಯನ್ನು ‘ಬಾಹಿತೊ ಇ ಸುವಾವೆಸಿತೊ’ ಎನ್ನುವರು. ತಗ್ಗಾಗಿ, ನಯವಾಗಿ ಎಂದು ಅದರ ಭಾವ. ವೇಗವನ್ನು ದೇವರಂತೆ ಪೂಜಿಸಿದ ದೇಶದಲ್ಲಿ ನಿಧಾನವನ್ನೇ ವೈಭವವಾಗಿ ಮಾಡಿಕೊಂಡ ಈ ಜನರ ಕಥೆ ತನ್ನಷ್ಟಕ್ಕೆ ರಮ್ಯವಾದುದು. ಆದರೆ ಇಲ್ಲಿ ವಿವೇಚಿಸಬೇಕಾಗಿರುವುದು ಆ ರಮ್ಯತೆಯನ್ನಲ್ಲ, ಅದರ ಬೆನ್ನಿಗೇ ಬರುವ ಒಂದು ಧರ್ಮಸೂಕ್ಷ್ಮವನ್ನು.

ತಗ್ಗಿಸಿದ ಬಂಡಿಯು ನೋಟಕ್ಕೆ ಚೆಂದ, ಬಳಕೆಗೆ ಕಷ್ಟ. ಬೀದಿಯಲ್ಲಿ ಉಬ್ಬು ಬಂದರೆ ಅದರ ಅಡಿ ಉಜ್ಜುವುದು. ಮನೆಯಂಗಳಕ್ಕೆ ಹತ್ತುವ ಏರಿನಲ್ಲಿ ಹೊಗೆಯ ಕೊಳವೆ ನೆಲಕ್ಕೆ ತಾಗುವುದು. ಹಿಂದಿನ ಪೀಠದಲ್ಲಿ ಮೂವರು ಕುಳಿತರೆ ಟಯರು ಮಡ್‌ಗಾರ್ಡಿನ ಅಂಚಿಗೆ ತಿಕ್ಕುವುದು. ಇದಕ್ಕೆ ಪರಿಹಾರವಾಗಿ ಅನೇಕರು ಬಂಡಿಯ ಹಿಂಭಾಗದಲ್ಲಿ ಗಾಳಿ ತುಂಬುವ ಷಾಕ್ ಅಬ್ಸಾರ್ಬರುಗಳನ್ನು ಜೋಡಿಸುವರು. ಗಾಳಿ ತುಂಬಿದರೆ ಬಂಡಿ ಏಳುವುದು; ಬಿಟ್ಟರೆ ಇಳಿಯುವುದು. ಮೆರವಣಿಗೆಗೆ ತಗ್ಗು, ಸಂಸಾರಕ್ಕೆ ಎತ್ತರ. ಈ ಏರ್ಪಾಟನ್ನು ಕಂಡಾಗ ಒಂದು ಪ್ರಶ್ನೆ ತಾನಾಗಿ ಏಳುವುದು: ಹೊತ್ತಿಗೊಂದು ಎತ್ತರವನ್ನು ತಾಳುವುದು ಪ್ರಾಮಾಣಿಕವಾದ ನಡತೆಯೆ? ಹೊಂದಿಕೊಳ್ಳುವುದಕ್ಕೂ ವೇಷ ಹಾಕುವುದಕ್ಕೂ ನಡುವಣ ಗೆರೆ ಎಲ್ಲಿದೆ? ಕಬ್ಬಿಣದ ಬಂಡಿಯ ಮುಂದೆ ನಿಂತು ಇಷ್ಟು ದೂರದ ಪ್ರಶ್ನೆಯನ್ನು ಕೇಳುವುದೇಕೆಂದು ಕೆಲವರು ನಕ್ಕರೆ ನಗಬಹುದು. ಆದರೆ ಮನುಷ್ಯನು ತನ್ನ ಕೈಯಿಂದ ಮಾಡಿದ ವಸ್ತುಗಳಲ್ಲಿ ತನ್ನ ನಡತೆಯ ಅಚ್ಚನ್ನು ಬಿಟ್ಟೇ ಇರುವನು. ಮಾತಿನಲ್ಲಿ ಮರೆಸಬಹುದಾದುದನ್ನು ತಿರುಪು ಮೊಳೆಗಳಲ್ಲಿ ಮರೆಸುವುದು ಕಷ್ಟ.

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಬಂಡಿಯ ಭಾರವನ್ನು ಹೊರುವುದು ಸ್ಪ್ರಿಂಗು. ಷಾಕ್ ಅಬ್ಸಾರ್ಬರೆಂಬುದು ಭಾರ ಹೊರುವ ಅಂಗವಲ್ಲ. ಸ್ಪ್ರಿಂಗು ಒಮ್ಮೆ ಕುಣಿಯತೊಡಗಿದರೆ ಆ ಕುಣಿತವನ್ನು ಅಡಗಿಸುವುದು ಅದರ ಕೆಲಸ. ಅದರ ಒಳಗೆ ಎಣ್ಣೆಯುಂಟು. ಆ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳಿ ಹೋಗುವಾಗ ಚಲನೆಯ ಶಕ್ತಿ ಕಾವಾಗಿ ಕರಗುವುದು. ಒಂದು ಹೊರುವುದು, ಇನ್ನೊಂದು ಸಂತೈಸುವುದು. ಬಂಡಿಯನ್ನು ತಗ್ಗಿಸಬೇಕೆಂದವನು ಈ ಸ್ಪ್ರಿಂಗಿನ ಮೇಲೆ ಕೈಯಿಡಬೇಕಾಗುವುದು. ಮೊದಮೊದಲು ತರುಣರು ಹಿಂದಿನ ಡಿಕ್ಕಿಯಲ್ಲಿ ಮರಳಿನ ಮೂಟೆಗಳನ್ನು ಹೇರಿ ಬಂಡಿಯನ್ನು ತಗ್ಗಿಸುತ್ತಿದ್ದರು. ಇದು ಅತ್ಯಂತ ಸರಳವಾದ ಉಪಾಯ, ಬಹುಶಃ ಅತ್ಯಂತ ನಿರಪರಾಧಿಯಾದುದೂ ಹೌದು. ಮೂಟೆಯನ್ನು ಇಳಿಸಿದರೆ ಬಂಡಿಯು ಮೊದಲಿನಂತೆಯೇ ನಿಲ್ಲುವುದು. ಅನಂತರ ಸುರುಳಿ ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸುವುದು ರೂಢಿಗೆ ಬಂತು. ಎಲೆಯಂತೆ ಒಂದರ ಮೇಲೊಂದು ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗುಗಳಿದ್ದಲ್ಲಿ, ಆ ಪಟ್ಟಿಗಳಿಗೂ ಆಕ್ಸಲಿಗೂ ನಡುವೆ ಒಂದು ಕಬ್ಬಿಣದ ತುಂಡನ್ನು ಇಡುವುದುಂಟು. ಕೆಲವರು ಸ್ಪ್ರಿಂಗನ್ನು ಜ್ವಾಲೆಯಿಂದ ಕಾಯಿಸಿ ಕುಗ್ಗಿಸುತ್ತಿದ್ದರು; ಉಕ್ಕಿಗೆ ಕೊಟ್ಟಿದ್ದ ಹದವು ಇದರಿಂದ ಕೆಟ್ಟುಹೋಗುವುದಾದುದರಿಂದ ಇದೇ ಎಲ್ಲಕ್ಕಿಂತ ಹೀನವಾದ ಉಪಾಯ.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಸುರುಳಿ ಸ್ಪ್ರಿಂಗನ್ನು ಕತ್ತರಿಸಿದರೆ ಅದು ಗಿಡ್ಡವಾಗುವುದು ಮಾತ್ರವಲ್ಲ, ಗಡಸೂ ಆಗುವುದು. ಕೆಲಸಮಾಡುವ ಸುತ್ತುಗಳು 10 ಇದ್ದು ಅವುಗಳಲ್ಲಿ 1ನ್ನು ತೆಗೆದರೆ, ಉಳಿದ 9 ಸುತ್ತುಗಳ ಗಡಸುತನವು ಮೊದಲಿಗಿಂತ ನೂರಕ್ಕೆ 11ರಷ್ಟು ಹೆಚ್ಚುವುದು. ಚಕ್ರವು ಮೇಲೆ ಕೆಳಗೆ ಆಡುವುದಕ್ಕೆ ಇದ್ದ ಅವಕಾಶವಂತೂ ಕಿರಿದಾಗಿಯೇ ಹೋಯಿತು. ಎಂದರೆ, ಸೌಂದರ್ಯಕ್ಕಾಗಿ ಕತ್ತರಿಸಿದವನು ಅದರ ಬೆಲೆಯನ್ನು ತನ್ನ ಬೆನ್ನುಮೂಳೆಯಿಂದ ತೆರುವನು. ಇದರಲ್ಲಿ ಅನ್ಯಾಯವೇನೂ ಇಲ್ಲ. ತಾನು ಬಯಸಿದ ಚೆಲುವಿಗೆ ತಾನೇ ಬೆಲೆ ತೆತ್ತವನನ್ನು ಅವಿವೇಕಿಯೆನ್ನಬಹುದು, ಅಧರ್ಮಿಯೆನ್ನಲಾಗದು. ಧರ್ಮದ ಪ್ರಶ್ನೆ ಹುಟ್ಟುವುದು ಬೆಲೆಯನ್ನು ಬೇರೆಯವರು ತೆರಬೇಕಾದಾಗ, ಇಲ್ಲವೆ ರಾಜಶಾಸನವು ನಡುವೆ ಬಂದಾಗ.

ರಾಜಶಾಸನವು ನಡುವೆ ಬಂದೇ ಬಂದಿತು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತದವರು ತಮ್ಮ ವಾಹನ ಸಂಹಿತೆಯಲ್ಲಿ 24008 ಎಂಬ ಕಲಮನ್ನು ಸೇರಿಸಿದರು. ಮೂಲ ರಚನೆಯಿಂದ ಮಾರ್ಪಡಿಸಿದ ಯಾವ ಬಂಡಿಯಲ್ಲಿಯೂ, ಚಕ್ರಗಳನ್ನುಳಿದು ಯಾವ ಭಾಗವೂ, ಚಕ್ರದ ಉಕ್ಕಿನ ರಿಮ್ಮಿನ ಕೆಳಗಣ ಅಂಚಿಗಿಂತ ತಗ್ಗಾಗಿರಕೂಡದೆಂದು ಅದರ ತಾತ್ಪರ್ಯ. ಇದರಲ್ಲಿ ಯುಕ್ತಿಯೇ ಇಲ್ಲವೆನ್ನುವಂತಿಲ್ಲ. ಟಯರು ಒಡೆದರೆ ರಿಮ್ಮು ನೆಲಕ್ಕೆ ಬರುವುದು. ಅದಕ್ಕಿಂತಲೂ ತಗ್ಗಿನಲ್ಲಿ ಬಂಡಿಯ ಒಡಲಿದ್ದರೆ ಅದು ಬೀದಿಗೆ ಕೆಡೆದು, ನಡೆಯಿಸುವವನ ಹಿಡಿತ ತಪ್ಪಬಹುದು. ಆದರೆ ಕಲಮಿನ ಅಕ್ಷರ ಬೇರೆ, ಅದು ಬೀಳುವ ಬೆನ್ನು ಬೇರೆ. ತಗ್ಗಿಸಿದ ಬಂಡಿಗಳನ್ನು ನಡೆಯಿಸುತ್ತಿದ್ದವರು ಬಹುಮಟ್ಟಿಗೆ ಒಂದು ಜನಾಂಗದ ತರುಣರಾದುದರಿಂದ, ಎಲ್ಲರನ್ನೂ ಕುರಿತು ಬರೆದ ಮಾತು ಅವರೊಬ್ಬರನ್ನೇ ತಡೆದು ನಿಲ್ಲಿಸುವ ನೆವವಾಯಿತೆಂಬುದು ಆ ಜನರ ಬಹುಕಾಲದ ದೂರು.

ರಾನ್ ಅಗಿರ್ರೆ ಎಂಬ ತರುಣನ ಬಳಿ ಒಂದು ಕಾರ್ವೆಟ್ ಬಂಡಿಯಿತ್ತು. ಅದು ಅತಿಯಾಗಿ ತಗ್ಗಿದೆಯೆಂದು ಪೋಲೀಸರು ಅವನನ್ನು ಹಿಡಿಯುತ್ತಿದ್ದರು. 1959ರಲ್ಲಿ ಅವನು ವಿಮಾನಗಳಿಂದ ತೆಗೆದ ಎಣ್ಣೆಯೊತ್ತಡದ ಪಂಪುಗಳನ್ನೂ ಕೊಂತಗಳನ್ನೂ ತಂದು ತನ್ನ ಬಂಡಿಗೆ ಅಳವಡಿಸಿದನು. ಕುಳಿತಲ್ಲಿಂದಲೇ ಒಂದು ಗುಂಡಿಯನ್ನು ಒತ್ತಿದರೆ ಬಂಡಿಯು ಕಲಮು ಹೇಳಿದ ಎತ್ತರಕ್ಕೆ ಏಳುವುದು. ಮತ್ತೆ ಒತ್ತಿದರೆ ತನ್ನ ಪ್ರಿಯವಾದ ತಗ್ಗಿಗೆ ಇಳಿಯುವುದು. ಎಕ್ಸ್-ಸಾನಿಕ್ ಎಂದು ಹೆಸರಾದ ಆ ಬಂಡಿಯು ಅಂದಿನಿಂದ ಎಷ್ಟೋ ಬಂಡಿಗಳಿಗೆ ಮೂಲಪುರುಷನಾಯಿತು. ಎಣ್ಣೆಯ ಪಂಪಿಗೆ ಹಣವಿಲ್ಲದವರಿಗೆ, ಕುಣಿತದ ಗೊಡವೆ ಬೇಡವೆಂಬ ಸಾಧುಗಳಿಗೆ, ಗಾಳಿಯ ಷಾಕ್ ಅಬ್ಸಾರ್ಬರೇ ಸಾಕಾಯಿತು. ಉಪಾಯದ ದೃಷ್ಟಿಯಿಂದ ಎರಡೂ ಒಂದೇ ಕುಲದವು: ಒಂದೇ ಬಂಡಿಗೆ ಎರಡು ಎತ್ತರಗಳು.

ಇದು ಕಪಟವಲ್ಲವೆ? ಪೂರ್ವಪಕ್ಷದವರು ಹೀಗೆ ಹೇಳುವರು: ಪೋಲೀಸಿನವನ ಮುಂದೆ ಎತ್ತರ, ಅವನು ತಿರುವಿನಾಚೆ ಹೋದೊಡನೆ ತಗ್ಗು, ಇದು ಗುರುವಿನ ಮುಂದೆ ಪುಸ್ತಕವನ್ನು ಹಿಡಿದು ಹಿಂದೆ ಚೆಂಡಾಡುವ ಹುಡುಗನ ನಡತೆಯಲ್ಲದೆ ಬೇರಲ್ಲ, ಶಾಸನವನ್ನು ಒಪ್ಪುವುದಾದರೆ ಯಾವಾಗಲೂ ಒಪ್ಪಬೇಕು, ಒಪ್ಪದಿದ್ದರೆ ಎದುರು ನಿಂತು ದಂಡವನ್ನು ತೆರಬೇಕು, ನಡುವಣ ದಾರಿಯು ಹೇಡಿಯದು. ಈ ವಾದದಲ್ಲಿ ಬಲವುಂಟು. ಅನ್ಯಾಯವಾದ ಕಟ್ಟಳೆಯನ್ನು ಬಹಿರಂಗವಾಗಿ ಮುರಿದು ಸೆರೆಮನೆಗೆ ನಡೆದವರನ್ನು ಕಂಡ ದೇಶದ ವಾಚಕರಿಗೆ ಇದರ ಬಲವು ಇನ್ನೂ ಹೆಚ್ಚಾಗಿ ತೋರುವುದು ಸಹಜ.

ಆದರೂ ಈ ವಾದವು ಎರಡು ವಿಷಯಗಳನ್ನು ಒಂದಾಗಿ ಬೆರೆಸಿದೆ. ಸುಳ್ಳೆಂದರೆ ಇಲ್ಲದುದನ್ನು ಇದೆಯೆಂದು ತೋರಿಸುವುದು. ಪುಸ್ತಕ ಹಿಡಿದ ಹುಡುಗನು ಓದುತ್ತಿಲ್ಲ, ಓದುತ್ತಿರುವಂತೆ ತೋರುತ್ತಾನೆ. ಏರಿದ ಬಂಡಿಯಾದರೋ ಏರಿರುವಂತೆ ತೋರುವುದಲ್ಲ, ನಿಜವಾಗಿಯೇ ಏರಿದೆ. ಅಳತೆಯ ಕೋಲನ್ನು ತಂದು ಅಳೆದರೂ ರಿಮ್ಮಿಗಿಂತ ಮೇಲೆಯೇ ಇರುವುದು. ಆ ಕ್ಷಣದಲ್ಲಿ ಟಯರು ಒಡೆದರೆ ಒಡಲು ನೆಲಕ್ಕೆ ಬೀಳದು. ಶಾಸನವು ಯಾವ ಅಪಾಯಕ್ಕೆ ಅಂಜಿತೋ ಆ ಅಪಾಯವೇ ಆಗ ಇಲ್ಲವಾಯಿತು. ಹೀಗಿರುವಲ್ಲಿ ವೇಷವೆಲ್ಲಿ? ವೇಷಕ್ಕೂ ಹೊಂದಾಣಿಕೆಗೂ ಇರುವ ಗೆರೆಯು ಇಲ್ಲಿಯೇ ಇದೆಯೆಂದು ತೋರುವುದು: ವೇಷದಲ್ಲಿ ನೋಡುವವನ ಕಣ್ಣಿಗೆ ಮಾತ್ರ ಬದಲಾವಣೆ, ಹೊಂದಾಣಿಕೆಯಲ್ಲಿ ವಸ್ತುವಿಗೇ ಬದಲಾವಣೆ. ತಗ್ಗಿಸಿ ನಡೆಯಿಸಿದ ಹೊತ್ತಿನಲ್ಲಿ ಅವನು ಕಲಮನ್ನು ಮೀರಿದನೆಂಬುದು ನಿಜ. ಆ ಮೀರಿಕೆಯ ಹೊಣೆ ಅವನದೇ. ಆದರೆ ಏರಿಸಿದ ಹೊತ್ತಿನಲ್ಲಿ ಅವನು ಸುಳ್ಳಾಡಿದನೆಂಬುದು ನಿಜವಲ್ಲ.

ಅವನ ಮನಸ್ಸು ಒಪ್ಪಲಿಲ್ಲವಲ್ಲ ಎಂದರೆ, ಶಾಸನಕ್ಕೆ ಮನಸ್ಸಿನ ಗೊಡವೆಯಿಲ್ಲ. ಜರ್ಮನಿಯ ತತ್ತ್ವಜ್ಞನಾದ ಕಾಂಟನು ಕಟ್ಟಳೆಗೆ ಒಪ್ಪುವ ನಡತೆಯನ್ನೂ ಧರ್ಮಬುದ್ಧಿಯಿಂದಲೇ ಹುಟ್ಟಿದ ನಡತೆಯನ್ನೂ ಬೇರೆಬೇರೆಯಾಗಿಟ್ಟು, ರಾಜ್ಯವು ಮೊದಲನೆಯದನ್ನು ಮಾತ್ರವೇ ಬಲಾತ್ಕಾರದಿಂದ ಪಡೆಯಬಲ್ಲುದೆಂದು ಹೇಳಿದನು. ಬಂಡಿಯು ಎಂಟಂಗುಲ ಎತ್ತರದಲ್ಲಿ ನಿಲ್ಲಬೇಕೆಂದು ಹೇಳುವ ಅಧಿಕಾರವು ಬೀದಿಯ ಒಡೆಯರಿಗೆ ಇದ್ದೀತು. ಅದು ಅಲ್ಲಿ ಸಂತೋಷದಿಂದ ನಿಲ್ಲಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ತಗ್ಗಿನಲ್ಲಿ ತನ್ನ ಜನರ ಚೆಲುವನ್ನು ಕಂಡವನಿಗೆ ಆ ಚೆಲುವನ್ನು ಬಿಟ್ಟುಬಿಡೆಂದು ಯಾವ ಕಲಮೂ ಹೇಳಲಾರದು. ಇಂಥ ಹೊತ್ತಿನಲ್ಲಿ ಇಂಥೆಡೆಯಲ್ಲಿ ಬೇಡವೆಂದಷ್ಟೇ ಹೇಳಬಲ್ಲುದು. ಎಷ್ಟೋ ಮನೆತನಗಳು, ಎಷ್ಟೋ ಭಾಷೆಗಳು ಪರರ ಆಳಿಕೆಯಲ್ಲಿ ಉಳಿದು ಬಂದುದು ಹೀಗೆಯೇ ಅಲ್ಲವೆ? ಕಚೇರಿಯಲ್ಲಿ ಒಂದು ಎತ್ತರ, ಒಳಮನೆಯಲ್ಲಿ ಇನ್ನೊಂದು.

2023ರಲ್ಲಿ ಅದೇ ಪ್ರಾಂತದವರು ಇನ್ನೊಂದು ಶಾಸನವನ್ನು ಮಾಡಿ ಆ ಹಳೆಯ ನಿಷೇಧವನ್ನೂ, ಬೀದಿಯಲ್ಲಿ ನಿಧಾನವಾಗಿ ಸುತ್ತುವುದನ್ನು ತಡೆಯಲು ಊರೂರಿನ ಆಡಳಿತಗಳಿಗೆ ಕೊಟ್ಟಿದ್ದ ಅಧಿಕಾರವನ್ನೂ ತೆಗೆದುಹಾಕಿದರು. ಅದು 2024ನೆಯ ಜನವರಿ 1ರಿಂದ ಜಾರಿಗೆ ಬಂದಿತು. ಡಿಸೆಂಬರ್ ಕೊನೆಯ ರಾತ್ರಿ ಅಪರಾಧಿಯಾಗಿ ಮಲಗಿದ ಬಂಡಿಯು ಮಾರನೆಯ ಬೆಳಗ್ಗೆ ಒಂದು ಕೂದಲೆಳೆಯಷ್ಟೂ ಅಲುಗದೆ ನಿರಪರಾಧಿಯಾಗಿ ಎದ್ದಿತು. ಇಲ್ಲಿಗೆ ವಿವಾದವು ಮುಗಿಯಿತೆಂದು ಅನೇಕರು ತಿಳಿದರು. ಆದರೆ ಶಾಸನವು ತೊಲಗಿದ ಮೇಲೆಯೇ ನಿಜವಾದ ಧರ್ಮಪ್ರಶ್ನೆ ಎದುರಿಗೆ ಬರುವುದು. ತಡೆಯುವ ಕೈ ಇರುವಷ್ಟು ಕಾಲವೂ ಮನುಷ್ಯನು ಆ ಕೈಯ ಅನ್ಯಾಯವನ್ನು ತೋರಿಸಿ ತನ್ನನ್ನು ಸಮರ್ಥಿಸಿಕೊಳ್ಳಬಹುದು. ಅದು ಹೋದ ಮೇಲೆ ಅವನಿಗೂ ಅವನ ಬಂಡಿಗೂ ನಡುವೆ ಯಾರೂ ಇಲ್ಲ.

ಆಗ ಗಾಳಿಯ ಷಾಕ್ ಅಬ್ಸಾರ್ಬರಿನ ಕಡೆಗೆ ಇನ್ನೊಮ್ಮೆ, ಹೆಚ್ಚು ನಿಷ್ಠುರವಾಗಿ, ನೋಡಬೇಕಾಗುವುದು. ಅದರ ರಚನೆ ಹೀಗೆ: ಸಾಮಾನ್ಯವಾದ ಎಣ್ಣೆಯ ಷಾಕ್ ಅಬ್ಸಾರ್ಬರಿನ ಸುತ್ತ ದಪ್ಪ ರಬ್ಬರಿನ ಒಂದು ತೋಳನ್ನು ಹೊದಿಸಿ, ಮೇಲೂ ಕೆಳಗೂ ಗಾಳಿ ಸೋರದಂತೆ ಬಿಗಿದಿರುವರು. ಅದರೊಳಗೆ ಸಣ್ಣ ನಳಿಗೆಯ ಮೂಲಕ ಗಾಳಿಯನ್ನು ತುಂಬುವುದು. ನಳಿಗೆಯ ತುದಿಯಲ್ಲಿ ಟಯರಿನಲ್ಲಿರುವಂಥದೇ ವಾಲ್ವು. ಗಾಳಿ ಪೂರ್ತಿ ಹೋದರೆ ರಬ್ಬರು ಮಡಿಚಿ ಉಜ್ಜಿ ಹರಿಯುವುದಾದುದರಿಂದ ಚದರಂಗುಲಕ್ಕೆ ಸುಮಾರು 20 ಪೌಂಡಿನಷ್ಟು ಒತ್ತಡವಾದರೂ ಯಾವಾಗಲೂ ಇರಬೇಕೆಂದೂ, ಸಾಮಾನ್ಯವಾಗಿ 150 ಪೌಂಡನ್ನು ಮೀರಕೂಡದೆಂದೂ ತಯಾರಕರು ವಿಧಿಸುವರು. ಎಷ್ಟು ಬರಿದಾಗಬೇಕೆಂದರೂ ಒಂದಿಷ್ಟು ಉಸಿರನ್ನು ಒಳಗೆ ಹಿಡಿದಿಡಬೇಕೆಂಬ ಈ ವಿಧಿಯು ವೈದ್ಯಶಾಸ್ತ್ರದಿಂದ ಬಂದಂತಿದೆ!

ತುಂಬಿದ ಗಾಳಿಗೆ ಒಂದು ಸ್ವಭಾವವುಂಟು. ಮುಚ್ಚಿದ ಪಾತ್ರೆಯಲ್ಲಿ ಗಾಳಿಯ ಗಾತ್ರವನ್ನು ಕುಗ್ಗಿಸಿದಷ್ಟೂ ಅದರ ಒತ್ತಡ ಹೆಚ್ಚುವುದೆಂದು 1662ರಷ್ಟು ಹಿಂದೆಯೇ ರಾಬರ್ಟ್ ಬಾಯ್ಲ್ ಎಂಬ ಪಂಡಿತನು ಪ್ರಕಟಿಸಿದ್ದನು. ಅದರ ಫಲವೇನೆಂದರೆ, ಹೆಚ್ಚು ಗಾಳಿಯನ್ನು ತುಂಬಿದ ತೋಳು ಬಂಡಿಯನ್ನು ಎತ್ತುವುದರ ಜೊತೆಗೆ ಗಡಸೂ ಆಗುವುದು. ಎತ್ತರವನ್ನು ಮಾತ್ರ ಕೊಡು, ಗಡಸುತನ ಬೇಡ ಎಂದರೆ ಗಾಳಿಯು ಕೇಳದು. ಕತ್ತರಿಸಿದ ಸ್ಪ್ರಿಂಗು ತಗ್ಗಿಗಾಗಿ ಮೃದುತ್ವವನ್ನು ಕಸಿದುಕೊಂಡಿತು; ಗಾಳಿಯು ಎತ್ತರಕ್ಕಾಗಿ ಇನ್ನಷ್ಟನ್ನು ಕಸಿದುಕೊಳ್ಳುವುದು. ಎರಡು ಕಡೆಯ ತೋಳುಗಳಿಗೂ ಒಂದೇ ನಳಿಗೆಯಿಂದ ಗಾಳಿ ಕೊಟ್ಟಿದ್ದರೆ ಇನ್ನೊಂದು ವಿಚಿತ್ರ ನಡೆಯುವುದು: ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿಯು ಭಾರವಿಲ್ಲದ ಕಡೆಗೆ ಓಡಿಹೋಗುವುದು, ಬಂಡಿಯು ಇನ್ನೂ ವಾಲುವುದು. ಕಷ್ಟ ಬಂದ ಕಡೆಯಿಂದ ಸುಖದ ಕಡೆಗೆ ಓಡುವ ನೆಂಟರು ಎಲ್ಲೆಡೆಯೂ ಇರುವರು. ಬಲ್ಲವರು ಎರಡಕ್ಕೂ ಬೇರೆಬೇರೆ ನಳಿಗೆಯನ್ನು ಇಡುವರು.

ಇವೆಲ್ಲಕ್ಕಿಂತ ಗುರುತರವಾದ ಸಂಗತಿ ಇನ್ನೊಂದಿದೆ. ಷಾಕ್ ಅಬ್ಸಾರ್ಬರನ್ನು ಛಾಸಿಗೆ ಹಿಡಿದಿರುವ ಮೊಳೆ ಕಂಬಿಗಳನ್ನು ಬಂಡಿ ಕಟ್ಟಿದವರು ಕುಣಿತದ ಎಳೆತ ಒತ್ತುಗಳಿಗಾಗಿ ಮಾಡಿದ್ದರೇ ಹೊರತು ಬಂಡಿಯ ಭಾರವನ್ನು ಹೊರುವುದಕ್ಕಾಗಿ ಅಲ್ಲ. ಗಾಳಿಯ ತೋಳಿನ ಒತ್ತುಮುಖವು 4 ಚದರಂಗುಲವೆಂದು ಇಟ್ಟುಕೊಂಡರೆ, 100 ಪೌಂಡಿನ ಒತ್ತಡದಲ್ಲಿ ಒಂದೊಂದು ಕಡೆಯೂ 400 ಪೌಂಡಿನಷ್ಟು ಭಾರವು ಆ ಮೊಳೆಗಳ ಮೇಲೆ ಕೂರುವುದು. ಗುಂಡಿಗೆ ಬಿದ್ದಾಗ ಇನ್ನೂ ಹೆಚ್ಚು. ಅರುವತ್ತು ವರ್ಷದ ಬಂಡಿಯಲ್ಲಿ ಆ ಕಬ್ಬಿಣವು ತುಕ್ಕು ಹಿಡಿದಿರಲೂ ಬಹುದು. ಗಾಳಿಯ ಷಾಕ್ ಅಬ್ಸಾರ್ಬರಿನಿಂದ ಬಂಡಿಯ ಭಾರ ಹೊರುವ ಯೋಗ್ಯತೆಯೇನೂ ಹೆಚ್ಚಲಿಲ್ಲವೆಂದು ಮಾರುವವರೇ ಎಚ್ಚರಿಸುವರು. ಆ ಎಚ್ಚರಿಕೆಯನ್ನು ಓದುವವರು ಕಡಮೆ. ತಗ್ಗಿಸಿದ ಬಂಡಿಯಲ್ಲಿ ಆಕ್ಸಲಿಗೂ ಛಾಸಿಗೂ ಇರುವ ಅಂತರವೇ ಕುಗ್ಗಿರುವುದರಿಂದ, ಮೂಲದ ಅಳತೆಯ ಉದ್ದನೆಯ ಷಾಕ್ ಅಬ್ಸಾರ್ಬರನ್ನು ಅಲ್ಲಿ ತುರುಕಿದರೆ, ಅಡ್ಡರಬ್ಬರು ಪೆಟ್ಟನ್ನು ತಡೆಯುವ ಮೊದಲೇ ಅದು ತಳಕ್ಕೆ ಬಡಿದು ಒಡೆಯುವುದು. ಗಿಡ್ಡನೆಯದನ್ನು ಅಳೆದು ಆರಿಸಬೇಕು, ಇಲ್ಲವೆ ಹಿಡಿಯುವ ಸ್ಥಾನವನ್ನೇ ಗಟ್ಟಿಮಾಡಿ ಸರಿಸಬೇಕು.

ಆದುದರಿಂದ ಅಪರಾಧವು ಎರಡು ಎತ್ತರಗಳಲ್ಲಿಲ್ಲ. ಅದು ಇರುವುದು ಹೊರಬೇಕಾದುದನ್ನು ಕತ್ತರಿಸಿ, ಸಂತೈಸಬೇಕಾದುದರ ಮೇಲೆ ಹೊರೆಯನ್ನು ಹೊರಿಸುವುದರಲ್ಲಿ. ಈ ತಪ್ಪು ಮೋಟಾರು ಬಂಡಿಗಳಲ್ಲಿ ಮಾತ್ರ ನಡೆಯುವುದೆಂದು ಯಾರೂ ಭಾವಿಸರು. ಎಷ್ಟೋ ಮನೆಗಳಲ್ಲಿ ಯಜಮಾನನು ತನ್ನ ಚೆಂದಕ್ಕಾಗಿ ತನ್ನ ಹೊಣೆಯನ್ನು ಎರಡು ಸುತ್ತು ಕತ್ತರಿಸಿಕೊಂಡಿರುವನು. ಜಗಳವನ್ನು ಅಡಗಿಸುವುದಕ್ಕೆ, ಕಣ್ಣೊರಸುವುದಕ್ಕೆ ಇದ್ದ ತಾಯಿಯೋ ಹಿರಿಯ ಮಗಳೋ ಆ ಮನೆಯ ಭಾರವನ್ನು ಹೊತ್ತಿರುವಳು. ನೋಡುವವರಿಗೆ ಮನೆಯು ಸರಿಯಾದ ಎತ್ತರದಲ್ಲಿಯೇ ನಿಂತಿರುವುದು. ಹೊತ್ತವಳು ಹೊತ್ತಷ್ಟು ದಿನವೂ ಯಾರಿಗೂ ಏನೂ ಕಾಣದು. ಮೊಳೆಯು ಹರಿಯುವುದು ಸಾಮಾನ್ಯವಾಗಿ ರಾತ್ರಿಯಲ್ಲಿ, ಬಂಡಿಯ ತುಂಬ ಜನರಿರುವಾಗ.

ಹಾಗೆಂದು ಸಹಾಯಕನು ಎಂದೂ ಹೊರೆಗೆ ಹೆಗಲು ಕೊಡಬಾರದೆಂದಲ್ಲ. ನೆಂಟರು ಬಂದ ದಿನ, ಪಯಣಕ್ಕೆ ಪೆಟ್ಟಿಗೆಗಳನ್ನು ಹೇರಿದ ದಿನ, ಏರನ್ನು ಹತ್ತುವ ಒಂದು ನಿಮಿಷ, ಗಾಳಿಯು ಸ್ಪ್ರಿಂಗಿನ ನೆರವಿಗೆ ಬಂದರೆ ಅದು ಸ್ನೇಹ. ಈ ಷಾಕ್ ಅಬ್ಸಾರ್ಬರನ್ನು ಕಲ್ಪಿಸಿದುದೂ ಅದಕ್ಕಾಗಿಯೇ: ಹಿಂಭಾಗಕ್ಕೆ ಹೆಚ್ಚಿನ ಹೊರೆ ಬಂದಾಗ ಬಂಡಿಯನ್ನು ಮಟ್ಟವಾಗಿ ನಿಲ್ಲಿಸುವುದಕ್ಕೆ. ನಿತ್ಯದ ಭಾರಕ್ಕೆ ಯೋಗ್ಯವಾದ ಸ್ಪ್ರಿಂಗನ್ನು ಆರಿಸಿ, ತಗ್ಗನ್ನು ಸ್ಪ್ರಿಂಗು ಒಪ್ಪುವಷ್ಟಕ್ಕೆ ಮಿತಿಗೊಳಿಸಿ, ನೈಮಿತ್ತಿಕಕ್ಕೆ ಮಾತ್ರ ಗಾಳಿಯನ್ನು ಕರೆಯುವವನು ತಪ್ಪು ಮಾಡಿದನೆನ್ನಲಾಗದು.

ಇನ್ನು ಹಳೆಯ ವಸ್ತುವಿನ ಹಕ್ಕೆಂದು ಒಂದು ಪ್ರಶ್ನೆಯನ್ನು ಎತ್ತುವವರುಂಟು. ಕಾರ್ಖಾನೆಯಿಂದ ಬಂದ ರೂಪವನ್ನು ಬದಲಿಸುವುದೇ ಪಾಪವೆಂದು ಅವರ ಮತ. ಕಟ್ಟಡಗಳ ವಿಷಯದಲ್ಲಿ ಈ ವಾದವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಡೆದುಹೋಗಿದೆ. ಇಂಗ್ಲೆಂಡಿನ ರಸ್ಕಿನ್ನನು ಹಳೆಯದನ್ನು ಮುಟ್ಟುವುದೇ ಅದರ ನಾಶವೆಂದನು, ಫ್ರಾನ್ಸಿನ ವಿಯೊಲೆ-ಲೆ-ದ್ಯೂಕನು ಅದು ಎಂದೂ ಇದ್ದಿರದಷ್ಟು ಪೂರ್ಣರೂಪಕ್ಕೂ ಅದನ್ನು ತರಬಹುದೆಂದನು. ಬಂಡಿಯ ಮಟ್ಟಿಗೆ ಇಷ್ಟು ಗಂಭೀರವಾದ ವಾಗ್ವಾದ ಬೇಡ. 1958ರಲ್ಲಿ ಷೆವ್ರೊಲೆ ಕಂಪನಿಯವರೇ ಗಾಳಿಯ ಸ್ಪ್ರಿಂಗುಗಳನ್ನು ತಮ್ಮ ಬಂಡಿಗಳಿಗೆ ಹೆಚ್ಚಿನ ಬೆಲೆಗೆ ಕೊಟ್ಟಿದ್ದರು. ಅವು ಸೋರತೊಡಗಲು ಕೊಂಡವರು ಅನೇಕರು ಅವನ್ನು ಕಿತ್ತು ಸಾಧಾರಣವಾದ ಉಕ್ಕಿನ ಸುರುಳಿಯನ್ನು ಹಾಕಿಸಿಕೊಂಡರು. ಅಂಥ ಬಂಡಿಯಲ್ಲಿ ಮೂಲವಾವುದು, ವಿಕೃತಿಯಾವುದು? ಗುಲಾಬಿ ಹೂಗಳನ್ನು ಬರೆದ ಜಿಪ್ಸಿ ರೋಸ್ ಎಂಬ 1964ರ ಇಂಪಾಲಾ ಬಂಡಿಯನ್ನು 2017ರಲ್ಲಿ ವಾಷಿಂಗ್ಟನ್ ನಗರದ ನಡುಮೈದಾನದಲ್ಲಿ ಗಾಜಿನ ಮನೆಯೊಳಗಿಟ್ಟು ರಾಷ್ಟ್ರದ ಸ್ವತ್ತೆಂದು ತೋರಿಸಿದರು; ಆ ಗೌರವವು ಸಂದುದು ಕಾರ್ಖಾನೆಯ ರೂಪಕ್ಕಲ್ಲ, ಅದನ್ನು ಮಾರ್ಪಡಿಸಿದ ಕೈಗಳಿಗೆ. ಮರಳಿ ಸರಿಪಡಿಸಬಹುದಾದ ಬದಲಾವಣೆಯನ್ನು ಧೈರ್ಯವಾಗಿ ಮಾಡಬಹುದು, ಛಾಸಿಯನ್ನೇ ಕೊಯ್ಯುವಾಗ ಮಾತ್ರ ಕೈ ನಡುಗಬೇಕು. ಗಾಳಿಯ ಷಾಕ್ ಅಬ್ಸಾರ್ಬರು ನಾಲ್ಕು ಮೊಳೆಗಳಿಂದ ಬಂದುದು, ನಾಲ್ಕು ಮೊಳೆಗಳಿಂದ ಹೋಗುವುದು.

ಎದುರಿನಿಂದ ಬರುವವನ ಹಕ್ಕು ಇದಕ್ಕಿಂತ ದೊಡ್ಡದು. ಹಿಂಭಾಗವು ಕುಗ್ಗಿದ ಬಂಡಿಯ ಮೂಗು ಮೇಲೇಳುವುದು. ಅದರ ದೀಪಗಳು ಬೀದಿಯನ್ನು ಬಿಟ್ಟು ಎದುರು ಬರುವವನ ಕಣ್ಣನ್ನು ಬೆಳಗುವುವು. ಆ ದೀಪದಿಂದ ಕುರುಡಾಗುವವನಿಗೆ ಬಂಡಿಯ ಚೆಲುವಿನಲ್ಲಿ ಪಾಲಿಲ್ಲ; ಅಪಾಯದಲ್ಲಿ ಮಾತ್ರ ಪಾಲು. ಹಿಂದಿನ ಪೀಠದಲ್ಲಿ ಕುಳಿತವರ ಮಾತೂ ಅಂಥದೇ. ನಡೆಯಿಸುವವನು ತನ್ನ ಬೆನ್ನನ್ನು ತಾನು ಒಪ್ಪಿಸಿದನು. ಅವರ ಬೆನ್ನನ್ನು ಅವನು ಕೇಳಿಲ್ಲ. ಗಡಸಾದ ಸ್ಪ್ರಿಂಗಿನ ಮೇಲೆ ಮುದುಕಿಯೊಬ್ಬಳನ್ನು ಕೂರಿಸಿಕೊಂಡು ಹೋಗುವವನಿಗೆ ಈ ವಿಚಾರವನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಮೊದಲನೆಯ ಗುಂಡಿಯಲ್ಲಿ ಅವಳು ತನ್ನ ನುಡಿಯಲ್ಲಿಯೇ ಕಲಿಸುವಳು.

ಆ ಬಡಾವಣೆಗಳಲ್ಲಿ ಭಾನುವಾರದ ಬೆಳಗ್ಗೆ ಸಂಸಾರವೆಲ್ಲ ಇಂಥ ಬಂಡಿಯಲ್ಲಿ ಇಗರ್ಜಿಗೆ ಹೋಗುವುದುಂಟು. ಬಲ್ಲವನಾದರೆ ಮನೆಯ ಯಜಮಾನನು ಉಳಿದವರಿಗಿಂತ ಕಾಲುಗಂಟೆ ಮೊದಲೇ ಅಂಗಳಕ್ಕೆ ಬರುವನು. ಹಿಂದಿನ ರಾತ್ರಿ ಬೀದಿಯಲ್ಲಿ ಮೆರೆದ ಬಂಡಿಯು ಇನ್ನೂ ನೆಲಕ್ಕೆ ಒರಗಿಕೊಂಡಿರುವುದು. ಅವನು ಮೊಳಕಾಲೂರಿ ಕುಳಿತು ವಾಲ್ವಿನ ಮುಚ್ಚಳವನ್ನು ತಿರುಪಿ ತೆಗೆದು, ಮಾಪಕವನ್ನು ಒತ್ತಿ ನೋಡುವನು. ಎಡದಲ್ಲಿ ಎರಡು ಪೌಂಡು ಕಡಮೆಯಾಗಿರುವುದನ್ನು ಕಂಡು ನಳಿಗೆಯ ಸಂದಿಗೆ ಸಾಬೂನಿನ ನೊರೆಯನ್ನು ಸವರುವನು. ಗುಳ್ಳೆ ಏಳುವುದೋ ಇಲ್ಲವೋ ಎಂದು ತುಸುಹೊತ್ತು ಕಾಯುವನು. ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ಕೋಲಿನ ಸದ್ದು ಕೇಳಿಸುವುದು. ಆಗ ಪಂಪನ್ನು ಹಚ್ಚಿ, ಅವಳು ಬಾಗದೆ ಹತ್ತಿ ಕೂರುವಷ್ಟು ಎತ್ತರಕ್ಕೆ ಬಂಡಿಯನ್ನು ಎಬ್ಬಿಸಿ, ಕೈಯೊರಸಿಕೊಂಡು ಬಾಗಿಲನ್ನು ತೆರೆದು ಹಿಡಿಯುವನು.